ಎರಡು ವರ್ಷ ವಿಆರ್ ಹೆಡ್‌ಸೆಟ್ ಹಾಕಿಕೊಂಡ 69ರ ಅಜ್ಜಿಯ ವಿಮರ್ಶೆ

ಕುಂದಾಪುರದ ಕಡೆಯ ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತು ಕೂತು ನಿವೃತ್ತಳಾದವಳು ನಾನು. ಈಗ ಎರಡೂ ಮೊಣಕಾಲು ಸವೆದಿವೆ. ಎರಡು ವರ್ಷದ ಹಿಂದೆ ಮಗಳು ಈ ವಿಆರ್ ಹೆಡ್‌ಸೆಟ್ ತಂದುಕೊಟ್ಟಳು. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯದೇ ಜಾಗ ಕಾಣಿಸುವ ಯಂತ್ರ ಇದು. 'ಅಮ್ಮ, ಕೂತಲ್ಲೇ ಊರು ಸುತ್ತು' ಎಂದಳು. ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ದೂರುಗಳಲ್ಲಿ ಹೆಚ್ಚಿನವು ಈ ಜಾತಿಯ ಎಲ್ಲ ಯಂತ್ರಕ್ಕೂ ಹೊಂದುತ್ತವೆ.

ಮೊದಲ ದಿನವೇ ಎಡವಟ್ಟಾಯಿತು. ಮೊಮ್ಮಗ ಅಜ್ಜನಿಗೆ ತಮಾಷೆ ತೋರಿಸುತ್ತೇನೆಂದು ರೋಲರ್ ಕೋಸ್ಟರ್ ಹಾಕಿಬಿಟ್ಟ. ಕಣ್ಣು 'ಓಡುತ್ತಿದ್ದೇನೆ' ಅನ್ನುತ್ತದೆ, ಕಿವಿಯೊಳಗೆ ಸಮತೋಲ ನೋಡಿಕೊಳ್ಳುವ ಭಾಗ 'ಇಲ್ಲ, ಕೂತಿದ್ದೇನೆ' ಅನ್ನುತ್ತದೆ. ಅವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ನಮ್ಮ ಮನೆಯವರು ಅದನ್ನು ಕಿತ್ತಿಟ್ಟು, ಮಜ್ಜಿಗೆ ಕುಡಿದು ಮಲಗಿದರು. ಇವತ್ತಿನವರೆಗೂ ಮತ್ತೆ ಮುಟ್ಟಿಲ್ಲ. ಹೆಡ್‌ಸೆಟ್ ನಾಲ್ಕು ತಿಂಗಳು ಕಪಾಟಿನಲ್ಲಿ ಕೂತಿತು. ವಯಸ್ಸಾದವರಿಗೆ ಹೊಸದು ಒಗ್ಗುವುದಿಲ್ಲ ಅಂತ ಮಕ್ಕಳು ಹೇಳುತ್ತಾರಲ್ಲ, ಅದರಲ್ಲಿ ಅರ್ಧ ತಪ್ಪು ತೋರಿಸಿದವರದ್ದೇ.

ಆಮೇಲೆ ನಾನೇ ಒಂದು ಮಳೆಗಾಲದ ಮಧ್ಯಾಹ್ನ ತೆಗೆದೆ. ಮಗಳು ಫೋನಿನಲ್ಲಿ ಹೇಳಿಕೊಡುತ್ತಾ ವಾಂಡರ್ ಅನ್ನುವ ಆ್ಯಪ್ ತೆರೆಸಿದಳು. ಗೂಗಲ್‌ನವರು ರಸ್ತೆ ರಸ್ತೆಯಲ್ಲಿ ಕ್ಯಾಮೆರಾ ಕಾರು ಓಡಿಸಿ ತೆಗೆದ ಸ್ಟ್ರೀಟ್ ವ್ಯೂ ಚಿತ್ರಗಳನ್ನು ಅದು ಸುತ್ತಲೂ ಹರಡಿ ತೋರಿಸುತ್ತದೆ. ಇದರಲ್ಲಿ ತೇಲಿಕೊಂಡು ಹೋಗುವುದಿಲ್ಲ. ಮುಂದಿನ ಜಾಗಕ್ಕೆ ಗುರಿ ಹಿಡಿದು ಒತ್ತಿದರೆ ಅಲ್ಲಿರುತ್ತೀರಿ. ಹಾಗಾಗಿ ತಲೆ ತಿರುಗಲಿಲ್ಲ.

ಎಲ್ಲಿಗೆ ಹೋಗಲಿ ಎಂದಾಗ ನನಗೆ ಹೊಳೆದದ್ದು ಪ್ಯಾರಿಸ್ ಅಲ್ಲ, ದುಬೈಯ ದೇರಾ. ನಮ್ಮ ಕಡೆಯ ಎಷ್ಟು ಮನೆಗಳಿಂದ ದೇರಾಕ್ಕೆ ಕಾಗದ ಹೋಗುತ್ತಿತ್ತು! ಕೆಂಪು ನೀಲಿ ಅಂಚಿನ ಲಕೋಟೆಗೆ ಠಸ್ಸೆ ಹೊಡೆದು ಹೊಡೆದು ನನ್ನ ಕೈಗೆ ಆ ಹೆಸರು ಬಾಯಿಪಾಠ. ಕೆಲವು ವಿಳಾಸ ಈಗಲೂ ನೆನಪಿವೆ. ಹುಡುಕಲು ಹೋದೆ, ಸಿಗಲಿಲ್ಲ. ಆಮೇಲೆ ತಲೆ ಚಚ್ಚಿಕೊಂಡೆ. ಅಲ್ಲಿ ಮನೆ ಬಾಗಿಲಿಗೆ ಅಂಚೆಯವ ಕಾಗದ ತಂದುಕೊಡುತ್ತಿರಲಿಲ್ಲ. ವಿಳಾಸವೆಂದರೆ ಬರೀ ಪೋಸ್ಟ್ ಬಾಕ್ಸ್ ನಂಬರು. ರಸ್ತೆಯೂ ಇಲ್ಲ, ಮನೆ ಸಂಖ್ಯೆಯೂ ಇಲ್ಲ. ಇಷ್ಟು ವರ್ಷ ನಾನು ಠಸ್ಸೆ ಹೊಡೆದದ್ದು ಡಬ್ಬಿಗಳಿಗೆ! ಆದರೂ ಒಂದು ವಾರ ದೇರಾದ ಗಲ್ಲಿ ಗಲ್ಲಿ ತಿರುಗಿದೆ. ಚಿನ್ನದ ಮಾರುಕಟ್ಟೆ ನೋಡಿದೆ, ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ ನೋಡಿದೆ. ಊರಿಗೆ ಹಣ ಕಳಿಸಿದ ಹುಡುಗರು ಇಂಥ ಕಡೆ ಇದ್ದರೇನೋ ಅಂದುಕೊಂಡೆ.

ನಮ್ಮ ದೇಶದ ರಸ್ತೆಗಳು ಸ್ಟ್ರೀಟ್ ವ್ಯೂನಲ್ಲಿ ತಡವಾಗಿ ಬಂದವು. 2011ರಲ್ಲಿ ಬೆಂಗಳೂರಿನಲ್ಲಿ ಕ್ಯಾಮೆರಾ ಕಾರು ಓಡಾಡಿದಾಗ ಪೊಲೀಸರು ನಿಲ್ಲಿಸಿದ್ದರು. ಮತ್ತೆ 2022ರಲ್ಲಿ ಬೆಂಗಳೂರೂ ಸೇರಿ ಹತ್ತು ನಗರಗಳಿಂದ ಶುರುವಾಯಿತು. ಇದರಲ್ಲಿ ನನಗೊಂದು ಕೊರತೆ ಕಂಡಿತು. ಈ ಚಿತ್ರಗಳಿಗೆ ಆಳವಿಲ್ಲ. ರಸ್ತೆ ನೋಡಲು ಸಾಕು, ಆದರೆ ಬೇಲೂರಿನ ಮದನಿಕೆಯನ್ನು ಹೀಗೆ ನೋಡಿದರೆ ಕ್ಯಾಲೆಂಡರಿನ ಚಿತ್ರ ನೋಡಿದ ಹಾಗೆ. ಬ್ರಿಂಕ್ ಟ್ರಾವೆಲರ್ ಅನ್ನುವ ಇನ್ನೊಂದು ಆ್ಯಪ್ ಬೇರೆ ಥರ. ಒಂದೇ ಜಾಗದ ರಾಶಿ ಫೋಟೋ ಸೇರಿಸಿ ಉಬ್ಬುತಗ್ಗು ಸಮೇತ ಕಟ್ಟಿರುತ್ತಾರೆ. ಅಮೆರಿಕದ ಅರಿಜೋನಾದಲ್ಲಿರುವ ಆ್ಯಂಟಿಲೋಪ್ ಕಣಿವೆಯ ಬಂಡೆ ಮುಟ್ಟಲು ನಾನು ನಿಜಕ್ಕೂ ಕೈ ಚಾಚಿ ಟೀಪಾಯಿಯ ಮೇಲಿದ್ದ ಲೋಟ ಬೀಳಿಸಿದೆ. ನಮ್ಮ ಹಳೇಬೀಡನ್ನು ಯಾರಾದರೂ ಹೀಗೆ ಕಟ್ಟಿ ಈ ಹೆಡ್‌ಸೆಟ್ಟಿಗೆ ಕೊಟ್ಟರೆ ದುಡ್ಡು ಕೊಟ್ಟು ಕೊಳ್ಳುತ್ತೇನೆ.

ಈಗ ಮೈಕೈ ವಿಷಯ. ತೂಕ ಅರ್ಧ ಕಿಲೋ, ಅದೂ ಮುಖದ ಮುಂದೆ. ಬಂದಾಗ ಇದ್ದ ಬಟ್ಟೆಯ ಪಟ್ಟಿ ನನ್ನ ಕುತ್ತಿಗೆಗೆ ಆಗಲಿಲ್ಲ. ತಲೆಯ ಹಿಂದೆ ಗಟ್ಟಿಯಾಗಿ ಕೂರುವ ಬೆಲ್ಟ್ ಬೇರೆ ತರಿಸಿದ ಮೇಲೆ ಸುಧಾರಿಸಿತು. ಪರದೆ ಕಣ್ಣಿಗೆ ಅಂಟಿದ ಹಾಗಿದ್ದರೂ ಒಳಗಿನ ಮಸೂರದಿಂದಾಗಿ ಕಣ್ಣು ಒಂದೆರಡು ಮೀಟರ್ ದೂರ ನೋಡಿದ ಹಾಗೆ ಕೆಲಸ ಮಾಡುತ್ತದೆ. ಹಾಗಾಗಿ ಓದುವ ಕನ್ನಡಕ ಬೇಡ, ದೂರದ್ದು ಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ತಿಂಗಳು ಸುಮ್ನೆ ಮಸುಕು ನೋಡಿದೆ. ಗಾಲಿ ಇಲ್ಲದ ಕುರ್ಚಿ ಇರಲಿ, ಎದುರಿಗೆ ಟೇಬಲ್ ಫ್ಯಾನ್ ಇರಲಿ, ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಪೇಸ್‌ಮೇಕರ್ ಇದ್ದವರು, ತಲೆಸುತ್ತಿನ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಕಿಟಕಿಯ ಬಿಸಿಲಲ್ಲಂತೂ ಇಡಲೇಬೇಡಿ, ಮಸೂರದಿಂದ ಹಾದ ಬಿಸಿಲು ಪರದೆಯನ್ನು ಸುಡುತ್ತದೆ.

ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಬಟನ್ ನನಗೆ ಬಹಳ ದಿನ ಗೊತ್ತಾಗುತ್ತಿರಲಿಲ್ಲ. ಒತ್ತಬೇಕಾದ ಒಂದೇ ಬಟನ್ನಿಗೆ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಬೆರಳಿಗೆ ಸಿಗುತ್ತದೆ. ಮೆನು ಎಲ್ಲ ಇಂಗ್ಲಿಷ್. ಹದಿನೈದು ದಿನ ಬಿಟ್ಟು ತೆರೆದರೆ ಅಪ್‌ಡೇಟ್ ಅನ್ನುತ್ತದೆ, ಒಮ್ಮೊಮ್ಮೆ ಪಾಸ್‌ವರ್ಡ್ ಕೇಳುತ್ತದೆ. ಆಗೆಲ್ಲ ಮಗಳಿಗೇ ಫೋನ್. ಒಂಟಿಯಾಗಿರುವ ಹಿರಿಯರಿಗೆ ಇದನ್ನು ಕೊಟ್ಟು ಹೋದರೆ ಮೂರನೇ ವಾರಕ್ಕೆ ಕಪಾಟು ಸೇರುತ್ತದೆ.

ಪಕ್ಕದ ಮನೆಯ ಅಕ್ಕನಿಗೆ 76. ಅವರಿಗೆ ಯೂಟ್ಯೂಬಿನಲ್ಲಿ ಕಾಶಿಯ ಗಂಗಾರತಿಯ 360 ಡಿಗ್ರಿ ವಿಡಿಯೋ ಹಾಕಿದೆ. ಒಳಗೆ ಏನು ಕಾಣುತ್ತಿದೆ ಅಂತ ನಮಗೂ ಗೊತ್ತಾಗಲಿ ಎಂದು ಟಿವಿಗೂ ಕೊಟ್ಟಿದ್ದೆ. ಅದರಿಂದ ಮಾತಿಗೆ ಜೊತೆ ಸಿಗುತ್ತದೆ. ಅಕ್ಕ ಕೈ ಮುಗಿದರು, ಎಡಕ್ಕೆ ಬಲಕ್ಕೆ ನೋಡಿದರು. ತೆಗೆದ ಮೇಲೆ, 'ಎಲ್ಲ ಸರಿ, ನೀರು ಮೈಗೆ ತಾಗದೆ ಇದೆಂಥ ಕಾಶಿ ಮಾರಾಯ್ತಿ?' ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಮರುವಾರ ಅವರೇ ಬಂದು, ರಾಮೇಶ್ವರ ಉಂಟಾ ಎಂದು ಕೇಳಿದರು.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಕನ್ನಡ ಇಲ್ಲದ್ದಕ್ಕೆ, ಅರ್ಧ ಕುತ್ತಿಗೆಗೆ. ಮುಖಕ್ಕೆ ತಾಗುವ ಸ್ಪಂಜು ನಮ್ಮ ಕರಾವಳಿಯ ಬೆವರಿಗೆ ಸಿಪ್ಪೆ ಏಳುತ್ತಿದೆ. ಹೊಸ ಮಾಡೆಲ್ ಬಂದಿದೆ, ತರಲಾ ಎಂದು ಮೊಮ್ಮಗ ಕೇಳಿದ. ಮೊದಲು ಸ್ಪಂಜು ಕಳಿಸು ಎಂದೆ.