ಮನೆಮದ್ದು ಮತ್ತು ವೆಟ್: ಗುಂಡನಿಗೆ ಎರಡನ್ನೂ ಬಳಸಿ ನೋಡಿದ ಮೇಲೆ

ಗುಂಡ ನಮ್ಮ ಮನೆಯ ನಾಯಿ, ಆರು ವರ್ಷದವನು. ಈ ಆರು ವರ್ಷದಲ್ಲಿ ಅವನಿಗೆ ಮನೆಮದ್ದೂ ಮಾಡಿದ್ದೇನೆ, ವೆಟ್ (ಪಶುವೈದ್ಯರು) ಹತ್ತಿರವೂ ಓಡಿದ್ದೇನೆ. ಈ ವಿಷಯ ಬಂದರೆ ನಾಯಿ ಸಾಕಿದವರು ಎರಡು ಗುಂಪಾಗಿಬಿಡುತ್ತಾರೆ. ಒಬ್ಬರು ವೆಟ್ ಅಂದರೆ ಸುಮ್ನೆ ದುಡ್ಡು ದಂಡ ಅಂತಾರೆ, ಇನ್ನೊಬ್ಬರು ಮನೆಯಲ್ಲಿ ಏನೂ ಮುಟ್ಟಲೇಬೇಡಿ ಅಂತಾರೆ. ನಾನು ಬಳಸಿ ನೋಡಿದ್ದನ್ನೂ, ಅದರಿಂದ ಕಲಿತದ್ದನ್ನೂ ಬರೆಯುತ್ತೇನೆ. ಮೊದಲು ಕಿವಿಯ ವಿಷಯ, ಯಾಕಂದರೆ ನನ್ನ ಅಭಿಪ್ರಾಯ ಬದಲಾಗಿದ್ದು ಅಲ್ಲೇ.

ಒಂದು ದಿನ ವಾಕಿಂಗ್ ಮುಗಿಸಿ ಬಂದವನು ತಲೆ ಕೊಡವಲು ಶುರು ಮಾಡಿದ. ಎಡಗಿವಿಯನ್ನು ಹಿಂಗಾಲಿನಿಂದ ಕೆರೆಯುವುದು, ಮತ್ತೆ ತಲೆ ಕೊಡವುವುದು. ಕಿವಿ ಮಡಚಿ ನೋಡಿದೆ. ಸ್ವಲ್ಪ ಕೆಂಪಾಗಿತ್ತು, ಎರಡು ದಿನದಲ್ಲಿ ಕಂದು ಬಣ್ಣದ ಗುಗ್ಗೆ, ಹುಳಿ ವಾಸನೆ ಬಂತು. ನಾಯಿ ಸಾಕಿದ ಗೆಳೆಯರೊಬ್ಬರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ತೊಟ್ಟು ಬಿಡಿ, ಮೂರು ದಿನದಲ್ಲಿ ಸರಿಹೋಗುತ್ತದೆ ಅಂದರು. ಬಿಟ್ಟೆ. ಮೊದಲ ಎರಡು ದಿನ ನಿಜವಾಗಿಯೂ ಕಡಿಮೆ ಆದ ಹಾಗೆ ಕಂಡಿತು, ಒಣಗಿದ ಚರ್ಮಕ್ಕೆ ಎಣ್ಣೆ ತಾಗಿದರೆ ತುರಿಕೆ ಸ್ವಲ್ಪ ಹೊತ್ತು ತಣಿಯುತ್ತದೆ ಅಲ್ವಾ, ಅದನ್ನೇ ನಾನು ವಾಸಿ ಆಗ್ತಿದೆ ಅಂದುಕೊಂಡೆ. ಆಮೇಲೆ ಮತ್ತೆ ಜಾಸ್ತಿ ಆಯಿತು. ವಿನೆಗರ್‌ಗೆ ನೀರು ಬೆರೆಸಿ ಹಾಕಿದೆ, ಅವನು ಕಿರುಚಿಕೊಂಡು ಮಂಚದ ಕೆಳಗೆ ಹೋಗಿ ಕೂತ. ಹತ್ತಿಯ ಕಡ್ಡಿ ಹಾಕಿ ಗುಗ್ಗೆ ತೆಗೆಯಲು ನೋಡಿದೆ. ಹೀಗೆ ಮೂರು ವಾರ ಕಳೆದುಹೋಯಿತು. ಒಂದು ಬೆಳಿಗ್ಗೆ ನೋಡಿದರೆ ಕಿವಿಯ ಎಲೆ ಪೂರಾ ಊದಿ ಮೆತ್ತಗೆ ದಿಂಬಿನ ಹಾಗಾಗಿತ್ತು.

ವೆಟ್ ಮುಟ್ಟಿ ನೋಡಿದ ಕೂಡಲೇ ಹೇಳಿದರು, ತಲೆ ಕೊಡವಿ ಕೊಡವಿ ಕಿವಿಯೊಳಗಿನ ಸಣ್ಣ ರಕ್ತನಾಳ ಒಡೆದು ಚರ್ಮದ ಕೆಳಗೆ ರಕ್ತ ತುಂಬಿಕೊಂಡಿದೆ ಅಂತ. ಆಮೇಲೆ ಓಟೋಸ್ಕೋಪ್ ಹಾಕಿ ಕಿವಿಯೊಳಗೆ ನೋಡಿದರು. ಏನೂ ಕಾಣಲಿಲ್ಲ. ನಾನು ಬಿಟ್ಟ ಎಣ್ಣೆ, ಗುಗ್ಗೆ, ಕೀವು ಎಲ್ಲ ಸೇರಿ ಒಳಗೆ ಗೋಡೆ ಕಟ್ಟಿದ ಹಾಗಿತ್ತು. ನಾಯಿಯ ಕಿವಿಯ ಕೊಳವೆ ನಮ್ಮದರ ಹಾಗೆ ನೇರ ಇಲ್ಲ, ಮೊದಲು ಕೆಳಗೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಅದಕ್ಕೇ ಮೇಲಿನಿಂದ ಬಿಟ್ಟದ್ದು ಆ ತಿರುವಿನಲ್ಲಿ ನಿಂತುಬಿಡುತ್ತದೆ, ಹತ್ತಿಯ ಕಡ್ಡಿ ಹಾಕಿದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಕಿವಿ ತೊಳೆದು, ಉದ್ದನೆಯ ಚಿಮಟದಲ್ಲಿ ಅವರು ಹೊರಗೆ ತೆಗೆದದ್ದು ಒಂದು ಹುಲ್ಲಿನ ಬೀಜ. ಬಾಣದ ತುದಿಯ ಹಾಗಿತ್ತು, ಮೈತುಂಬ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳು. ಅಂಥದ್ದು ಒಂದು ಸಲ ಒಳಗೆ ಹೋದರೆ ಮುಂದಕ್ಕೇ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಇದನ್ನು ಯಾವ ಎಣ್ಣೆ ವಾಸಿ ಮಾಡುತ್ತಿತ್ತು ಹೇಳಿ?

ನನಗೆ ಜಾಸ್ತಿ ನೋವಾಗಿದ್ದು ಇಲ್ಲೇ. ಮನೆಮದ್ದು ಕೆಲಸ ಮಾಡಲಿಲ್ಲ ಅನ್ನುವುದು ಒಂದು ಕಡೆ. ಆ ಮದ್ದೇ ಕಾರಣವನ್ನು ಮುಚ್ಚಿ ಇಟ್ಟಿತು, ಮೂರು ವಾರ ನನ್ನ ನಾಯಿ ನೋವು ತಿಂದ. ತಲೆ ಕೊಡವಲು ಹತ್ತು ಕಾರಣ ಇರಬಹುದು. ಯೀಸ್ಟ್, ಬ್ಯಾಕ್ಟೀರಿಯಾ, ಕಿವಿಯ ನುಸಿ, ಅಲರ್ಜಿ, ಒಳಗೆ ಸಿಕ್ಕಿಕೊಂಡ ವಸ್ತು, ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ವೆಟ್ ಹತ್ತಿಯಲ್ಲಿ ಸ್ವಲ್ಪ ಗುಗ್ಗೆ ತೆಗೆದು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಕಡಲೆಕಾಯಿಯ ಆಕಾರದ ಸಣ್ಣ ಸಣ್ಣ ಯೀಸ್ಟ್ ಕಣಗಳು, ಪಕ್ಕದಲ್ಲಿ ಗುಂಡು ಬ್ಯಾಕ್ಟೀರಿಯಾ. ಅದನ್ನು ನೋಡಿ ಡ್ರಾಪ್ಸ್ ಬರೆದರು. ಅದಕ್ಕೂ ಮೊದಲು ಕಿವಿಯ ತಮಟೆ ಹರಿದಿಲ್ಲ ಅಂತ ಖಚಿತ ಮಾಡಿಕೊಂಡರು, ಯಾಕಂದರೆ ತಮಟೆ ತೂತಾಗಿದ್ದರೆ ಕೆಲವು ಔಷಧಿಗಳು ಒಳಗಿವಿಗೆ ಇಳಿದು ಕಿವುಡು ಬರಿಸಬಹುದು. ನಾನು ವಿನೆಗರ್ ಸುರಿಯುವಾಗ ಇದ್ಯಾವುದೂ ಗೊತ್ತಿರಲಿಲ್ಲ.

ಹಾಗಂತ ಮನೆಯಲ್ಲಿ ಮಾಡುವುದೆಲ್ಲ ತಪ್ಪು ಅಂತ ಹೇಳಲಾರೆ. ಕೆಲವು ನಿಜವಾಗಿ ಒಳ್ಳೆಯವು, ವೆಟ್ ಕೂಡ ಅವನ್ನೇ ಹೇಳುತ್ತಾರೆ. ಸಣ್ಣ ಗೀರುಗಾಯಕ್ಕೆ ಉಪ್ಪುನೀರು: ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀಚಮಚ ಉಪ್ಪು, ಅಷ್ಟೇ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕುವವರಿದ್ದಾರೆ, ನೊರೆ ಬಂದರೆ ಕೊಳೆ ಹೋಯಿತು ಅನ್ನಿಸುತ್ತದೆ, ಆದರೆ ಅದು ಕೂಡಿಕೊಳ್ಳುತ್ತಿರುವ ಹೊಸ ಚರ್ಮವನ್ನೂ ಸುಡುತ್ತದೆ. ಬೇರೆ ನಾಯಿ ಕಚ್ಚಿದ ಗಾಯ ಮಾತ್ರ ಎಷ್ಟೇ ಸಣ್ಣದಿರಲಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಹೊರಗೆ ಒಂದು ಚುಕ್ಕೆ ಕಾಣುತ್ತದೆ, ಹಲ್ಲು ಒಳಗೆ ಆಳಕ್ಕೆ ಹೋಗಿರುತ್ತದೆ, ಮೇಲೆ ಚರ್ಮ ಮುಚ್ಚಿ ಒಳಗೆ ಕೀವು ಕಟ್ಟುತ್ತದೆ.

ಹೊಟ್ಟೆ ಕೆಟ್ಟಾಗ ಉಪ್ಪು ಖಾರ ಎಣ್ಣೆ ಇಲ್ಲದೆ ಬೇಯಿಸಿದ ಕೋಳಿಮಾಂಸ, ಅನ್ನ, ಸ್ವಲ್ಪ ಬೇಯಿಸಿದ ಸಿಹಿಗುಂಬಳ, ಒಂದೆರಡು ದಿನ. ಗುಂಡನಿಗೆ ಇದು ಪ್ರತಿ ಸಲವೂ ಚೆನ್ನಾಗಿ ಆಗಿದೆ. ಆದರೆ ಇದು ದೊಡ್ಡ ನಾಯಿಗೆ, ಅದೂ ಆಟ ಆಡಿಕೊಂಡು, ನೀರು ಕುಡಿದುಕೊಂಡು, ಸುಮ್ನೆ ತೆಳ್ಳಗೆ ಭೇದಿ ಆಗುತ್ತಿದ್ದರೆ ಮಾತ್ರ. ಮರಿಗೆ ಹೀಗೆ ಕಾಯಬಾರದು. ಲಸಿಕೆ ಪೂರ್ತಿ ಆಗದ ಮರಿ ವಾಂತಿ ಮಾಡಿ, ರಕ್ತ ಬೆರೆತ ಭೇದಿ ಮಾಡಿಕೊಂಡು ಮೂಲೆ ಹಿಡಿದರೆ ಪಾರ್ವೋ ಅನ್ನುವ ವೈರಸ್ ರೋಗ ಇರಬಹುದು. ನಾನು ಪರಿಚಯದವರ ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಒಂದು ದಿನ ನೋಡೋಣ, ಇನ್ನೊಂದು ದಿನ ನೋಡೋಣ ಅಂತ ಎಳನೀರು ಕುಡಿಸುತ್ತಾ ಕೂತರು, ಮೂರನೇ ದಿನ ಡ್ರಿಪ್ ಹಾಕಲು ನರವೇ ಸಿಗದಷ್ಟು ಮರಿ ಒಣಗಿಹೋಗಿತ್ತು. ಉಳಿಯಲಿಲ್ಲ. ಆ ವೈರಸ್ಸಿಗೆ ನೇರ ಔಷಧಿ ಬಳಕೆಯಲ್ಲಿ ಬಹಳ ಕಡಿಮೆ, ಮರಿಯ ದೇಹ ತಾನೇ ಹೋರಾಡುವವರೆಗೆ ನೀರು, ಉಪ್ಪಿನಂಶ ನರದ ಮೂಲಕ ಕೊಟ್ಟು ಜೀವ ಹಿಡಿದಿಡುವುದೇ ಮುಖ್ಯ ಚಿಕಿತ್ಸೆ. ಅದು ಅಡುಗೆಮನೆಯಲ್ಲಿ ಆಗುವ ಕೆಲಸ ಅಲ್ಲ.

ಉಣ್ಣೆ ಮತ್ತು ಚಿಗಟಕ್ಕೆ ಮನೆಮದ್ದು ಮಾಡಿ ಸೋತಿದ್ದೇನೆ. ಬೇವಿನ ಎಣ್ಣೆ ಹಚ್ಚಿದೆ, ನಿಂಬೆನೀರು ಸಿಂಪಡಿಸಿದೆ. ಹಚ್ಚಿದ್ದನ್ನು ಅವನು ನೆಕ್ಕಿದ, ಹೊಟ್ಟೆ ಕೆಟ್ಟಿತು, ಉಣ್ಣೆ ಅಲ್ಲೇ ಇತ್ತು. ಚಿಗಟದ ಮೊಟ್ಟೆಗಳು ನಾಯಿಯ ಮೈಮೇಲೆ ನಿಲ್ಲುವುದಿಲ್ಲ, ಹಾಸಿಗೆ, ಚಾಪೆ, ಸೋಫಾ ಸಂದಿಗೆ ಉದುರುತ್ತವೆ, ಹಾಗಾಗಿ ನಾಯಿಗೆ ಮಾತ್ರ ಏನು ಹಚ್ಚಿದರೂ ವಾರದಲ್ಲಿ ಮತ್ತೆ ಬರುತ್ತವೆ. ಈಗ ವೆಟ್ ತೂಕ ನೋಡಿ ಕೊಡುವ ಮಾತ್ರೆ ನುಂಗಿಸುತ್ತೇನೆ, ಹಾಸಿಗೆ ಬಿಸಿನೀರಲ್ಲಿ ಒಗೆಯುತ್ತೇನೆ. ಹಿಂದೆ ಫಿಟ್ಸ್ ಬಂದಿರುವ ನಾಯಿಯಾದರೆ ಇದನ್ನು ವೆಟ್‌ಗೆ ಮೊದಲೇ ಹೇಳಬೇಕು, ಉಣ್ಣೆ, ಚಿಗಟಕ್ಕೆ ಕೊಡುವ ಇಂಥ ಕೆಲವು ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಒಂದೆರಡು ಉಣ್ಣೆ ಕಂಡರೆ ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಬೆಂಕಿಕಡ್ಡಿ ಬೇಡ, ಎಣ್ಣೆ ಬೇಡ. ಉಣ್ಣೆ ಕಚ್ಚಿದ ಮೇಲೆ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ, ಇವುಗಳಲ್ಲಿ ಯಾವುದು ಕಂಡರೂ ರಕ್ತಪರೀಕ್ಷೆ ಆಗಲೇಬೇಕು.

ಇನ್ನು ಎಂದೂ ಮಾಡಬಾರದವು. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ನಾಯಿಗೆ ಜ್ವರ, ಕಾಲುನೋವು ಅಂತ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ. ಮೊದಲನೆಯದು ಲಿವರನ್ನು ಹಾಳು ಮಾಡುತ್ತದೆ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನೇ ತೆಗೆಯಬಹುದು. ಎರಡನೆಯದು ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೂ ಹೊಡೆಯುತ್ತದೆ. ಮಗುವಿಗೆ ಕೊಡುವಷ್ಟೇ ಅಲ್ವಾ ಅಂತ ಅಂದಾಜು ಮಾಡಿ ಕೊಡುವುದಂತೂ ಭಯಂಕರ. ಜಂತುಹುಳುವಿಗೆ ಬೆಳ್ಳುಳ್ಳಿ ತಿನ್ನಿಸುವವರಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಲಕ್ಷಣ ಕಾಣಲು ಕೆಲವು ದಿನ ಹಿಡಿಯುವುದರಿಂದ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತಲೇ ಯಾರಿಗೂ ಹೊಳೆಯುವುದಿಲ್ಲ. ಟೀ ಟ್ರೀ ಎಣ್ಣೆ ಚರ್ಮಕ್ಕೆ ಒಳ್ಳೆಯದು ಅಂತ ಗಟ್ಟಿಯಾಗಿ ಹಚ್ಚಿದರೆ ನಡುಕ, ಕಾಲಲ್ಲಿ ಬಲ ಹೋಗುವುದು ಎಲ್ಲ ಆಗುತ್ತದೆ. ಔಷಧಿಯನ್ನು ಪೀನಟ್ ಬಟರಿನಲ್ಲಿ ಅಡಗಿಸಿ ಕೊಡುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ ಪದಾರ್ಥ) ಅಂತ ಇದೆಯಾ ನೋಡಿ, ಅದು ಅರ್ಧ ಗಂಟೆಯೊಳಗೆ ನಾಯಿಯ ರಕ್ತದ ಸಕ್ಕರೆಯನ್ನು ಕೆಳಕ್ಕೆ ಬೀಳಿಸಬಲ್ಲದು. ಏನೋ ವಿಷ ತಿಂದಿತು ಅಂತ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ. ಉಪ್ಪೇ ವಿಷವಾಗುತ್ತದೆ. ಸೀಮೆಎಣ್ಣೆ, ಆ್ಯಸಿಡ್ ಥರದ್ದು ಕುಡಿದಿದ್ದರೆ ಯಾವ ರೀತಿಯಲ್ಲೂ ವಾಂತಿ ಮಾಡಿಸಬಾರದು, ಆ್ಯಸಿಡ್ ಬರುವಾಗ ಮತ್ತೊಮ್ಮೆ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋಗಬಹುದು. ತಿಂದ ವಸ್ತುವಿನ ಪೊಟ್ಟಣ ಕೈಯಲ್ಲಿ ಹಿಡಿದು ವೆಟ್‌ಗೆ ಫೋನ್ ಮಾಡಿ.

ಈಗ ವೆಟ್ ಬಗ್ಗೆ. ಅಲ್ಲಿಯೂ ಎಲ್ಲವೂ ಚೆನ್ನಾಗಿರಲಿಲ್ಲ, ಅದನ್ನೂ ಹೇಳಬೇಕು. ಮೊದಲು ಹೋಗುತ್ತಿದ್ದ ಕ್ಲಿನಿಕ್‌ನಲ್ಲಿ ತುರಿಕೆ ಅಂದರೆ ಸಾಕು, ಮುಟ್ಟಿಯೂ ನೋಡದೆ ಒಂದು ಇಂಜೆಕ್ಷನ್. ಏನು ಕೊಟ್ಟಿರಿ ಅಂದರೆ ಉತ್ತರ ಇಲ್ಲ, ಚೀಟಿಯಲ್ಲಿ ಹೆಸರೂ ಇಲ್ಲ. ಮೂರು ವಾರ ಸುಮ್ಮನಿದ್ದು ಮತ್ತೆ ತುರಿಕೆ, ಮತ್ತೆ ಇಂಜೆಕ್ಷನ್. ಅದು ಸ್ಟೀರಾಯ್ಡ್ ಅಂತ ಎರಡನೇ ವೆಟ್ ಊಹಿಸಿ ಹೇಳಿದರು. ಜನ ಮನೆಮದ್ದಿನ ಕಡೆ ತಿರುಗಲು ಇಂಥ ಅನುಭವವೂ ಕಾರಣ, ನಾನು ತಿರುಗಿದ್ದೂ ಹಾಗೇ. ಕಾರಣ ಹುಡುಕದೆ ಇಂಜೆಕ್ಷನ್ ಚುಚ್ಚುವುದಕ್ಕೂ, ಕಾರಣ ಗೊತ್ತಿಲ್ಲದೆ ಎಣ್ಣೆ ಬಿಡುವುದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಈಗಿನ ವೆಟ್ ಚರ್ಮ ಕೆರೆದು ಸ್ಲೈಡ್ ನೋಡುತ್ತಾರೆ, ತೂಕ ಹಾಕುತ್ತಾರೆ, ಔಷಧಿಯ ಹೆಸರು, ಎಷ್ಟು ದಿನ, ಏನಾದರೆ ನಿಲ್ಲಿಸಬೇಕು ಎಲ್ಲ ಬರೆದು ಕೊಡುತ್ತಾರೆ. ಕಾಯುವುದು ಜಾಸ್ತಿ, ಒಂದೊಂದು ಸಲ ಎರಡು ಗಂಟೆ ಹಿಡಿದಿದೆ, ಬೇರೆ ನಾಯಿಗಳ ನಡುವೆ ಗುಂಡ ನಡುಗುತ್ತಾ ಕೂರುತ್ತಾನೆ. ಖರ್ಚೂ ಆಗುತ್ತದೆ. ಅದಕ್ಕೆ ನಾನು ನೇರವಾಗಿಯೇ ಕೇಳುತ್ತೇನೆ: ಈ ಪರೀಕ್ಷೆ ಇವತ್ತೇ ಬೇಕಾ, ಇದರಿಂದ ಚಿಕಿತ್ಸೆ ಬದಲಾಗುತ್ತದಾ, ಮೊದಲು ಯಾವುದು ಮುಖ್ಯ? ಒಳ್ಳೆಯ ವೆಟ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ಏನೇನು ಹಾಕಿದ್ದೆ ಅಂತಲೂ ಮುಚ್ಚಿಡದೆ ಹೇಳಿ. ನಾನು ಬೆಳ್ಳುಳ್ಳಿ ಎಣ್ಣೆ ಅಂತ ಹೇಳಲು ಹಿಂಜರಿದೆ, ಆದರೆ ಹೇಳಿದ ಮೇಲೆ ಅವರು ಬೈಯಲಿಲ್ಲ, ಕಿವಿ ತೊಳೆಯುವ ದ್ರಾವಣವನ್ನೇ ಬದಲಾಯಿಸಿದರು.

ಮನೆಯಲ್ಲಿ ನಾನು ಈಗ ಮದ್ದಿಗಿಂತ ಜಾಸ್ತಿ ನೋಡುವ ಕೆಲಸ ಮಾಡುತ್ತೇನೆ. ಮೂಗು ಒಣಗಿದೆ, ಜ್ವರ ಅನ್ನುವುದು ಸುಳ್ಳು, ಮಲಗಿ ಎದ್ದ ನಾಯಿಯ ಮೂಗು ಒಣಗಿರಬಹುದು. ಥರ್ಮಾಮೀಟರನ್ನು ಗುದದ್ವಾರದಲ್ಲಿ ಇಟ್ಟು ನೋಡಬೇಕು, ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಉಸಿರು. ವಸಡು ಗುಲಾಬಿ, ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಬೆಳ್ಳಗಾಗಿದ್ದರೆ, ನೀಲಿಯಾಗಿದ್ದರೆ ಯಾವ ಮನೆಮದ್ದನ್ನೂ ಯೋಚಿಸಬೇಡಿ, ಹೊರಡಿ. ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದೆ ಒದ್ದಾಡುತ್ತಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು, ಆಗ ಗಂಟೆಗಳೇ ಲೆಕ್ಕ, ಜೀರಿಗೆ ನೀರು ಕುಡಿಸುತ್ತಾ ಕೂರಬೇಡಿ. ಗರ್ಭಕೋಶ ತೆಗೆಸದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿದು, ಊಟ ಬಿಟ್ಟು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಕೀವು ಕಾಣದಿದ್ದರೆ ಇನ್ನೂ ಅಪಾಯ.

ಅಂಕ ಕೊಡಿ ಅಂದರೆ, ಉಪ್ಪುನೀರು, ಸಪ್ಪೆ ಊಟಕ್ಕೆ ಐದಕ್ಕೆ ಐದು. ಕಿವಿ, ಕಣ್ಣು, ಉಣ್ಣೆ, ಜಂತುಹುಳು ಇವುಗಳ ಮನೆಮದ್ದಿಗೆ ಸೊನ್ನೆ. ಮೊದಲ ಕ್ಲಿನಿಕ್‌ಗೆ ಒಂದು. ಈಗಿನ ವೆಟ್‌ಗೆ ನಾಲ್ಕೂವರೆ, ಆ ಅರ್ಧ ಕಾಯಿಸಿದ್ದಕ್ಕೆ ಕಳೆದದ್ದು.

ಇವತ್ತಿಗೆ ಡ್ರಾಪ್ಸ್ ಶುರು ಮಾಡಿ ಹದಿಮೂರು ದಿನ. ವಾಸನೆ ಹೋಗಿದೆ, ತಲೆ ಕೊಡವುವುದು ನಿಂತಿದೆ, ಕಿವಿ ಕೆರೆಯದಂತೆ ಕುತ್ತಿಗೆಗೆ ಕಟ್ಟುವ ಕೋನ್ ಹಾಕಿಕೊಂಡು ಬಾಗಿಲಿಗೆಲ್ಲ ಗುದ್ದಿಕೊಂಡು ಓಡಾಡುತ್ತಿದ್ದಾನೆ. ನನಗೆ ಔಷಧಿ ನಿಲ್ಲಿಸಿಬಿಡೋಣ ಅನ್ನಿಸುತ್ತದೆ, ಆದರೆ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಯೀಸ್ಟ್ ಉಳಿದಿರಬಹುದು, ಸ್ಲೈಡ್ ನೋಡಿಯೇ ನಿಲ್ಲಿಸೋಣ ಅಂದಿದ್ದಾರೆ. ನಾಳೆ ಮತ್ತೆ ಕರೆದುಕೊಂಡು ಹೋಗಬೇಕು. ಎಡಗಿವಿಯ ಎಲೆ ಮಾತ್ರ ಮೊದಲಿನ ಹಾಗೆ ನೆಟ್ಟಗಿಲ್ಲ, ಅಂಚು ಸುಕ್ಕುಗಟ್ಟಿದೆ, ಅದು ಹಾಗೇ ಉಳಿಯಬಹುದಂತೆ.