ಕಮಿಷನ್ ಸೊನ್ನೆ ಅಂದರು, ಹಳೇ ಹರಾಜು ಸೈಟು ಬಿಟ್ಟೆ, ಕೆಟ್ಟೆ

ಹಳೇ ವಾಚು, ಪೆನ್ನು, ಸ್ಟಾಂಪು ಅಂತ ಆನ್‌ಲೈನ್ ಹರಾಜಿನಲ್ಲಿ ಮಾರುವವರು ನಮ್ಮ ಬಳ್ಳಾರಿ, ರಾಯಚೂರು ಕಡೆ ಯಾರೇ ಇರಲಿ, ದಯವಿಟ್ಟು ಇದನ್ನು ಓದಿ. "ಆ ಸೈಟು ಬಿಟ್ಟು ನಮ್ಮಲ್ಲಿಗೆ ಬನ್ನಿ" ಅಂತ ಫೋನ್ ಬಂದಿದ್ದರೆ ಮೊದಲು ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಆದರೆ ನಾನು ಸುಮ್ಮನಿದ್ದರೆ ಇನ್ನೊಬ್ಬರು ಇದೇ ಹಳ್ಳಕ್ಕೆ ಬೀಳುತ್ತಾರೆ.

ನಾನು ಬಳ್ಳಾರಿಯವನು. ಹಳೇ ಎಚ್‌ಎಂಟಿ ವಾಚು ಮಾರುತ್ತೇನೆ. ಹೊಸಪೇಟೆ, ಸಿರುಗುಪ್ಪ, ಸಂಡೂರು ಅಂತ ತಿರುಗಿ, ಮನೆಗಳ ಟ್ರಂಕಿನಲ್ಲಿ ನಿಂತು ಹೋಗಿರುವ ವಾಚು ಕೊಂಡು ತರುತ್ತೇನೆ. ಬ್ರೂಸ್‌ಪೇಟೆಯಲ್ಲಿ ಒಬ್ಬರು ಚಾಚಾ ಇದ್ದಾರೆ, ಅವರು ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಡುತ್ತಾರೆ. ಎಚ್‌ಎಂಟಿ ವಾಚಿನದು 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮೇಲಂತೂ ಜನತಾ, ಪೈಲಟ್ ವಾಚುಗಳನ್ನು ಹುಡುಕಿಕೊಂಡು ಬರುವವರು ಇದ್ದೇ ಇದ್ದಾರೆ.

2018ರ ಆಗಸ್ಟ್‌ನಲ್ಲಿ ಇಬೇ ಇಂಡಿಯಾ ಮುಚ್ಚಿದಾಗ ನಾನು ಬೇರೆ ಸೈಟಿಗೆ ಹೋದೆ. ರೇಟಿಂಗ್ ಸೊನ್ನೆಯಿಂದ ಶುರು. ಆರು ವರ್ಷ ಕಷ್ಟಪಟ್ಟು 412 ಒಳ್ಳೇ ರೇಟಿಂಗ್ ಕೂಡಿಸಿದೆ. ಹರಾಜಿನಲ್ಲಿ ಮಾರುವವರಿಗೆ ಗೊತ್ತು, ನಮ್ಮ ಮುಖ ನೋಡದ ಗಿರಾಕಿ ಆ ನಂಬರ್ ನೋಡಿಯೇ ದುಡ್ಡು ಹಾಕುವುದು.

ಅಲ್ಲಿ ಕಮಿಷನ್ ನೂರಕ್ಕೆ ಎಂಟು, ಅದರ ಮೇಲೆ 18% ಜಿಎಸ್‌ಟಿ. 2,500ರ ವಾಚಿಗೆ 236 ರೂಪಾಯಿ ಹೋಗುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಹೇಳಲ್ಲ. ಆಗಲೇ ಹೊಸ ಸೈಟಿನವರ ಫೋನ್ ಬಂತು. ಅಚ್ಚ ಕನ್ನಡ, ಬಾಯಿ ತುಂಬಾ ಸರ್ ಸರ್. "ಆರು ತಿಂಗಳು ಕಮಿಷನ್ ಸೊನ್ನೆ ಸರ್. ಆದರೆ ನೀವು ನಮ್ಮಲ್ಲಿ ಮಾತ್ರ ಮಾರಬೇಕು. ಹಳೇ ಅಕೌಂಟ್ ಕ್ಲೋಸ್ ಮಾಡಿದ ಸ್ಕ್ರೀನ್‌ಶಾಟ್ ಕಳಿಸಿ, ಇವತ್ತೇ ಆಕ್ಟಿವೇಟ್ ಮಾಡಿಸ್ತೀನಿ."

ಕಳಿಸಿದೆ. 412 ರೇಟಿಂಗ್ ಇದ್ದ ಅಕೌಂಟನ್ನು ನನ್ನ ಕೈಯಾರೆ ಮುಚ್ಚಿದೆ. ವಾಲೆಟ್‌ಗೆ 5,000 ಡಿಪಾಸಿಟ್ ಬೇರೆ ಕಟ್ಟಿದೆ. ಚಾಚಾ ಒಂದೇ ಮಾತು ಕೇಳಿದ್ದರು, "ಬೇಟಾ, ಕಮಿಷನ್ ತಗೊಳ್ಳಲ್ಲ ಅಂದ್ರೆ ಅವರು ಹೊಟ್ಟೆಗೆ ಏನು ತಿಂತಾರೆ?" ಅಂತ. ನಾನು ಕೇಳಲಿಲ್ಲ.

ಮೊದಲು ಮುಗಿದದ್ದು ಒಂದು ಪೈಲಟ್‌ನ ಹರಾಜು. ಕಪ್ಪು ಡಯಲ್, ಕೀ ಕೊಡುವ ವಾಚು, ಬಣ್ಣ ಬಳಿದ ನಕಲಿ ಡಯಲ್ ಅಲ್ಲ, ಅಸಲಿ. ಹನ್ನೆರಡರ ಹತ್ತಿರ ಒಂದು ಸಣ್ಣ ಕಲೆ ಇತ್ತು, ಅದನ್ನೂ ಫೋಟೋ ತೆಗೆದು ತೋರಿಸಿದ್ದೆ. 3,000ಕ್ಕೆ ಬಂದರೆ ಸಾಕು ಅಂದುಕೊಂಡಿದ್ದೆ. ಕೊನೇ ಎರಡು ನಿಮಿಷದಲ್ಲಿ 3,400, 4,100, 5,600 ಅಂತ ಏರಿ 7,200ಕ್ಕೆ ನಿಂತಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಂದು ರಾತ್ರಿಯೇ ಪ್ಯಾಕ್ ಮಾಡಿದೆ.

ಗೆದ್ದವನು ದುಡ್ಡು ಹಾಕಲಿಲ್ಲ. ಮೂರು ದಿನ ಕಾದೆ. ನಾಲ್ಕನೇ ದಿನ ವಾಲೆಟ್‌ನಿಂದ 339 ರೂಪಾಯಿ 84 ಪೈಸೆ ಕಟ್! ಕಮಿಷನ್ ಅಲ್ಲವಂತೆ, "ಹರಾಜು ಮುಕ್ತಾಯ ಶುಲ್ಕ" ಅಂತೆ. ನೂರಕ್ಕೆ ನಾಲ್ಕು, ಮೇಲೆ ಜಿಎಸ್‌ಟಿ. ಮಾರಾಟವೇ ಆಗಿಲ್ಲ, ಯಾವುದರ ಮುಕ್ತಾಯ?

ಕೇಳಿದೆ. ಉತ್ತರ ಬಂತು: "ಪ್ರಿಯ ಮಾರಾಟಗಾರರೇ, ಹರಾಜು ಯಶಸ್ವಿಯಾಗಿ ಮುಗಿದಿದೆ. ಹಣ ಪಾವತಿ ನಿಮ್ಮ ಮತ್ತು ಖರೀದಿದಾರರ ನಡುವಿನ ವಿಷಯ." ಇನ್ನೊಮ್ಮೆ ಬರೆದೆ. ಅದೇ ಉತ್ತರ. ಮೂರನೇ ಸಲವೂ ಅದೇ, ಒಂದಕ್ಷರ ಬದಲಿಲ್ಲ. ಸರ್ ಸರ್ ಅಂದವನಿಗೆ ಫೋನ್ ಮಾಡಿದರೆ, "ನಾನು ಈಗ ಆ ಡಿಪಾರ್ಟ್‌ಮೆಂಟ್‌ನಲ್ಲಿ ಇಲ್ಲ ಸರ್, ನೀವು ಷರತ್ತು ಓದಿಲ್ವಾ?" ಅಂದ.

ಒಂದು ತಿಂಗಳಲ್ಲಿ 11 ಹರಾಜು ಮುಗಿದವು. ದುಡ್ಡು ಬಂದದ್ದು ಮೂರಕ್ಕೆ. ಶುಲ್ಕ ಕಟ್ ಆದದ್ದು ಹನ್ನೊಂದಕ್ಕೂ, ಒಟ್ಟು 1,900 ಚಿಲ್ಲರೆ. ಒಂದು ರಾತ್ರಿ ನಿದ್ದೆ ಬರದೆ ಬಿಡ್ ಮಾಡಿದವರ ಪಟ್ಟಿ ತೆಗೆದು ಒಂದೊಂದೇ ನೋಡಿದೆ. ದುಡ್ಡು ಬರದ ಎಂಟರಲ್ಲೂ ಕೊನೇ ಗಳಿಗೆಯಲ್ಲಿ ಬೆಲೆ ಏರಿಸಿದ್ದು ಅದೇ ಎರಡು ಐಡಿ. ರಾಯಚೂರಿನಲ್ಲಿ ಹಳೇ ಪೆನ್ನು ಮಾರುವ ಗೆಳೆಯನ ಪೇಜ್ ತೆಗೆದೆ. ಅಲ್ಲೂ ಅವೇ ಎರಡು ಐಡಿ. ಮೈಯೆಲ್ಲ ಬೆವೆತು ಹೋಯಿತು. ವಾಚಿನವನಿಗೂ ಪೆನ್ನಿನವನಿಗೂ ಅದೇ ಇಬ್ಬರು ಗಿರಾಕಿ, ಇಬ್ಬರೂ ದುಡ್ಡು ಕೊಡಲ್ಲ. ಆ ಐಡಿ ಯಾರದು ಅಂತ ನಾನು ಹೇಳಲಾರೆ. ಆದರೆ ಬೆಲೆ ಏರಿದಷ್ಟೂ ಶುಲ್ಕ ಜಾಸ್ತಿ ಸಿಗುವುದು ಯಾರಿಗೆ, ನೀವೇ ಯೋಚನೆ ಮಾಡಿ. ಆ ಐಡಿಗಳನ್ನು ಬರೆದು ಕಳಿಸಿದೆ. "ಗೌಪ್ಯತೆಯ ಕಾರಣ ಮಾಹಿತಿ ನೀಡಲಾಗದು" ಅಂತ ಬಂತು. ಮರುದಿನದಿಂದ ನನಗೆ ಆ ಪಟ್ಟಿಯೇ ಕಾಣುತ್ತಿಲ್ಲ.

ಹಳೇ ಸೈಟಿಗೆ ವಾಪಸ್ ಹೋದೆ. ಮುಚ್ಚಿದ ಅಕೌಂಟ್ ತೆರೆಯಲು ಬರುವುದಿಲ್ಲವಂತೆ. ಈಗ ಹೊಸ ಅಕೌಂಟ್, ರೇಟಿಂಗ್ ಸೊನ್ನೆ. ಮೊನ್ನೆ ಒಬ್ಬರು "ನೀವು ಹೊಸಬರು, ನಂಬೋದು ಹೇಗೆ?" ಅಂತ ಕೇಳಿದರು. ಆರು ವರ್ಷ ಮಾರಿದ ನನಗೆ!

ಸೈಟು ಬದಲಿಸಲೇಬೇಕು ಅಂದರೆ ಹಳೇ ಅಕೌಂಟ್ ಮುಚ್ಚಬೇಡಿ. ಮುಚ್ಚಿ ಅಂತ ಯಾರಾದರೂ ಹೇಳಿದರೆ ಅಲ್ಲೇ ಫೋನ್ ಇಟ್ಟುಬಿಡಿ. ಗೆದ್ದವನು ದುಡ್ಡು ಹಾಕದಿದ್ದರೆ ಶುಲ್ಕ ವಾಪಸ್ ಬರುತ್ತದಾ ಅಂತ ಬರಹದಲ್ಲಿ ಕೇಳಿ, ಬಾಯಿಮಾತು ಬೇಡ. ಎರಡು ಅಗ್ಗದ ವಾಚು ಹಾಕಿ ನೋಡಿ, ನನ್ನ ಹಾಗೆ ಇರುವ 34 ವಾಚನ್ನೂ ಒಂದೇ ಸಲ ಹಾಕಬೇಡಿ. ಬಿಡ್ ಪಟ್ಟಿಯ ಸ್ಕ್ರೀನ್‌ಶಾಟ್ ಅವತ್ತವತ್ತೇ ತೆಗೆದಿಡಿ. ನನ್ನ ಹತ್ತಿರ ಎರಡೇ ಇವೆ.

1915ಕ್ಕೆ, ಗ್ರಾಹಕ ಸಹಾಯವಾಣಿಗೆ, ದೂರು ಬರೆಸಿದ್ದೇನೆ. ವಾಲೆಟ್‌ನಲ್ಲಿ ಇನ್ನೂ ಮೂರು ಸಾವಿರ ಚಿಲ್ಲರೆ ಸಿಕ್ಕಿಕೊಂಡಿದೆ. ಅದು ಕೈಗೆ ಬಂದರೂ, ಬರದಿದ್ದರೂ, ಇಲ್ಲೇ ಬರೆಯುತ್ತೇನೆ. ನಿಮಗೂ ಹೀಗೆ ಆಗಿದ್ದರೆ ಹೇಳಿ, ನಿಮ್ಮಲ್ಲೂ ಅವೇ ಎರಡು ಐಡಿ ಇವೆಯಾ ಅಂತ ಹೋಲಿಸಿ ನೋಡೋಣ.