ಕ್ಲಾಸಿಕ್ ಆಲ್ಬಮ್ ಅಂತಾರಲ್ಲ, ರಾತ್ರಿ ಮಾಳಗಿ ಮ್ಯಾಲ ಕೂತು ಕೇಳ್ದೆ

ನಂಗ ಸಂಗೀತದ ಗಂಧ ಗಾಳಿ ಇಲ್ರಿ, ಕಲಬುರಗಿ ಬ್ಯಾಸಗ್ಯಾಗ ರಾತ್ರಿ ಕರೆಂಟ್ ಹೋದ್ರ ನಿದ್ದಿ ಬರಂಗಿಲ್ಲ ಅಂತ ಮಾಳಗಿ ಮ್ಯಾಲ ಇಯರ್‌ಫೋನ್ ಹಾಕ್ಕೊಂಡು ಕೇಳಿದ್ದು ಅಷ್ಟೇ. ಮೊದಲ ಜಾಝ್ ಟ್ರಂಪೆಟ್ ನುಡಿಸೋ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959ರದ್ದು, ಐದೇ ಟ್ರ್ಯಾಕ್. ಎರಡೇ ದಿನದಾಗ ರೆಕಾರ್ಡ್ ಮಾಡ್ಯಾರಂತ! ಜಾಝ್ ಅಂದ್ರ ಗದ್ದಲ ಅಂದ್ಕೊಂಡಿದ್ದೆ, ಇದು ನೋಡಿದ್ರ ನಮ್ಮ ಆಲಾಪ್ ಇದ್ದಂಗ ನಿಧಾನಕ್ಕ ಬರ್ತದ, ಒಬ್ಬ ನುಡಿಸಿ ಬಿಟ್ಟದ್ದನ್ನ ಇನ್ನೊಬ್ಬ ಹಿಡಕೊಂಡು ಹೋಗ್ತಾನ, ಭಜನ್ಯಾಗ ಕಡಕೋಳ ಮಡಿವಾಳಪ್ಪನ ಪದ ಹಾಡೋವಾಗ ಒಬ್ಬರ ಬಾಯಿಂದ ಇನ್ನೊಬ್ಬರು ತಗೊಳ್ತಾರಲ್ಲ, ಥೇಟ್ ಹಂಗ. ಮೂರು ಸಲ ಕೇಳೀನಿ.

ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ದು 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್' ಎದಿ ಬಡಿತದ ಸಪ್ಪಳದಿಂದ ಸುರು ಆಗಿ ಅದರಾಗೇ ಮುಗಿತದ, ಚೊಲೋ ಅದ, ಆದ್ರ ನಡುವ ಒಮ್ಮೆಲೇ ಅಷ್ಟೂ ಗಡಿಯಾರ ಬಡಕೊಂಡವು ನೋಡ್ರಿ, ಕಣ್ಣು ಹತ್ತಿದ್ದವ ಎದ್ದು ಕೂತೆ, ಕೆಳಗ ಅವ್ವ 'ಏನಾಯ್ತೋ' ಅಂದ್ಳು. ಮಲಗಲಿಕ್ಕ ಇದು ಬ್ಯಾಡ.

ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಬಗ್ಗೆ ಏನ್ ಹೇಳೋದು, ಮದುವಿ ಬ್ಯಾಂಡಿನವ್ರಿಗೂ ಗೊತ್ತದ.

ಕಡೀಕ 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜಭೂಷಣ ಕಾಬ್ರಾ ಗಿಟಾರ್, ಕಾಶ್ಮೀರದ ಕುರುಬನ ಒಂದು ದಿನ, ಬೆಳಗಿನಿಂದ ರಾತ್ರಿ ತನಕ. ಇಲ್ಲಿ ನಡುರಾತ್ರ್ಯಾಗೂ ಗಚ್ಚು ಕಾದಿತ್ತು, ಖರೇ ಹೇಳ್ತೀನಿ, ಸಂತೂರ್ ಬಿದ್ದ ಕೂಡ್ಲೇ ಮೈ ತಂಪಾತು. ಐದಕ್ಕ ಐದು. ಕರೆಂಟ್ ಬಂದ್ರೂ ಕೆಳಗ ಇಳಿಲಿಲ್ಲ.